ಪಡುವಣ ಸರೋವರಕ್ಕೆ ಎರಡು ದಿನ

ಹೊಟ್ಟೆನೋವು ಎಂದರೆ ಮಗಳು ಮಾತ್ರೆ ಕೊಡುತ್ತಾಳೆ. ಮಂಡಿನೋವು ಎಂದರೆ ಅಳಿಯ ಎಲ್ಲಿಂದಲೋ ಗಾಲಿಕುರ್ಚಿ ಹೊಂದಿಸಿ ತಂದಾನು. ವಸತಿಗೃಹದ ಕೆಳಮಹಡಿಯಲ್ಲಿ ಸೋಯಾಹಾಲಿನ ಬಟ್ಟಲಿನ ಮುಂದೆ ಕೂತ ಗೆಂಗ್ ಶೌಟಿಂಗ್, ಎಪ್ಪತ್ತೊಂದು ವರ್ಷದ ತನ್ನ ದೇಹದಲ್ಲಿ, ಮಧ್ಯಾಹ್ನದ ಊಟ ತಪ್ಪಿಸುವಷ್ಟು ದೊಡ್ಡದೂ ಆಸ್ಪತ್ರೆಗೆ ಒಯ್ಯದಷ್ಟು ಚಿಕ್ಕದೂ ಆದ ಒಂದು ಕಾಯಿಲೆಯನ್ನು ಹುಡುಕುತ್ತಿದ್ದ. ಸಿಗಲಿಲ್ಲ. ರಾತ್ರಿ ಚೆನ್ನಾಗಿ ನಿದ್ದೆ ಬಂದಿತ್ತು, ಈಗ ಹಸಿವೂ ಆಗುತ್ತಿತ್ತು. ಇಂಥ ದಿನ ಹಸಿವಾಗುತ್ತಿದೆಯಲ್ಲ ಎಂದು ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ಎದುರಿಗೆ ಅಳಿಯ ದಾಹೈ ಎರಡನೆಯ ಬನ್ನನ್ನು ಬಾಯಿಗಿಡುತ್ತಾ ಸುತ್ತಲಿನ ಮೇಜಿನವರಿಗೂ ಕೇಳುವಂತೆ ಮಾತಾಡುತ್ತಿದ್ದ. ವಾಹನ ಕಲಿಸುವ ಶಾಲೆಯಲ್ಲಿ ಹದಿನೈದು ವರ್ಷ "ಬ್ರೇಕ್, ಬ್ರೇಕ್" ಎಂದು ಕೂಗಿ ಕೂಗಿ ಅವನಿಗೆ ಮೆಲ್ಲಗೆ ಮಾತಾಡುವುದು ಮರೆತುಹೋಗಿತ್ತು.

"ಮಾವ, ಅಷ್ಟಕ್ಕೇ ನಿಲ್ಸಿ. ಹೊಟ್ಟೇಲಿ ಜಾಗ ಇಟ್ಕೊಳ್ಳಿ. ಮಧ್ಯಾಹ್ನ ನಿಮ್ಮ ಹಳೇ ಅಡುಗೆಮನೆ ಊಟ! ಇಪ್ಪತ್ತು ದಿನ ಮುಂಚೆನೇ ಮೇಜು ಹಿಡಿದಿಟ್ಟಿದೀನಿ, ಕಿಟಕಿ ಪಕ್ಕದ್ದು."

"ಈಗ ಎಲ್ಲಾ ಬದಲಾಗಿರತ್ತೆ," ಎಂದ ಗೆಂಗ್.

"ಬದಲಾಗ್ಲಿ ಬಿಡಿ. ನೀವು ಬದಲಾಗಿದೀರಾ?"

ಮಗಳು ಲೀಚುನ್ ಚಹಾದಲ್ಲಿ ಬೇಯಿಸಿದ ಮೊಟ್ಟೆಯ ಸಿಪ್ಪೆ ಬಿಡಿಸಿ ಅಪ್ಪನ ತಟ್ಟೆಗೆ ಇಟ್ಟಳು. ವಸಂತ ಹುಟ್ಟುವ ದಿನ ಹುಟ್ಟಿದವಳೆಂದು ಆ ದಿನದ ಹೆಸರನ್ನೇ ಇಟ್ಟಿದ್ದರು. ನಲವತ್ತೊಂದು ವರ್ಷ ಅವಳಿಗೆ. ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾಳೆ. ಮೊಟ್ಟೆಯ ಸಿಪ್ಪೆಯನ್ನೂ ಒಂದೇ ಅಳತೆಯ ಚೂರುಗಳಲ್ಲಿ ಬಿಡಿಸುತ್ತಾಳೆ. ಈ ಪ್ರವಾಸ ಅವಳದೇ ಹಟ. ಅಮ್ಮನ ಎರಡನೇ ವರ್ಷದ ಸಮಾಧಿಪೂಜೆ ಮುಗಿಸಿ ಗುಡ್ಡ ಇಳಿಯುವಾಗ, "ಶರತ್ಕಾಲದಲ್ಲಿ ಹಾಂಗ್‌ಝೌಗೆ ಹೋಗೋಣ ಅಪ್ಪ, ಎರಡೇ ದಿನ," ಎಂದಿದ್ದಳು. ಎಂದಿನ ನೆಪಗಳನ್ನು ಅವನು ಒಂದೊಂದಾಗಿ ಮುಂದಿಟ್ಟ. ಅವಳು ಎಲ್ಲಕ್ಕೂ "ಆಯ್ತು" ಎಂದಳು, ಆಮೇಲೆ ಟಿಕೆಟ್ಟು ಕೊಂಡಳು.

ನಿನ್ನೆಯೆಲ್ಲ ಸುಲಭವಾಗಿಯೇ ಕಳೆದಿತ್ತು. ತಮ್ಮೂರು ಬೆಂಗ್‌ಬುವಿನಿಂದ ರೈಲು ಎಷ್ಟು ಬೇಗ ಬಂತೆಂದರೆ ಅವನಿಗೆ ಹೆದರಿಕೊಳ್ಳಲೂ ಪುರಸೊತ್ತು ಸಿಗಲಿಲ್ಲ. ಇಳಿದು ನೋಡಿದರೆ ಊರು ಊರಿನಂತಿರಲಿಲ್ಲ. ತಾನಿದ್ದಾಗ ಬರೀ ಇಟ್ಟಿಗೆಯ ದಿಬ್ಬವಾಗಿದ್ದ ಗೋಪುರ ಈಗ ಎದ್ದು ನಿಂತು, ಒಳಗೆ ಚಲಿಸುವ ಮೆಟ್ಟಿಲೂ ಓಡುತ್ತಿತ್ತು. "ನೆನಪಿದೆಯಾ ಮಾವ?" ಎಂದು ದಾಹೈ ಪ್ರತಿ ಸೇತುವೆಯ ಬಳಿಯೂ ಕೇಳಿದ. "ಎಲ್ಲಾ ಬದಲಾಗಿದೆ" ಎಂಬ ಒಂದೇ ಮಾತಿನಲ್ಲಿ ಗೆಂಗ್ ಇಡೀ ದಿನ ಕಳೆದ. ಬಿದಿರುಚಿಗುರು ಹಾಕಿದ ನೂಡಲ್ಸು ತಿಂದರು, ಕಮಲದ ಗೆಡ್ಡೆಯ ತೂತುಗಳಿಗೆ ಅಂಟಕ್ಕಿ ತುಂಬಿ ಬೇಯಿಸಿದ್ದನ್ನು ತಿಂದರು. ಗುಯಿಹೂ ಅರಳುವ ಕಾಲ. ಎಲ್ಲಿ ತಿರುಗಿದರೂ ಆ ಸಿಹಿ ವಾಸನೆ ಅಡ್ಡ ಬರುತ್ತಿತ್ತು, ಅವನು ಉಸಿರನ್ನು ಗಿಡ್ಡಗೆ ಎಳೆದುಕೊಳ್ಳುತ್ತಿದ್ದ. ಗುಯಿಹೂವಿನ ಕಾಲಕ್ಕೆ ಹೋಗೋಣ, ಎಂದಿದ್ದಳು ಹೆಂಡತಿ ಸೂಯುನ್, ಆಸ್ಪತ್ರೆಯ ಮಂಚದ ಮೇಲೆ, ಕಾಲು ಊದಿ ಚಪ್ಪಲಿ ಹಿಡಿಸದಿದ್ದಾಗ. ಮೊದಲು ಗುಣ ಆಗು, ಎಂದಿದ್ದ ಇವನು, ಹೊದಿಕೆ ಸರಿಮಾಡುತ್ತಾ. ಹಾಗೆ ಹೇಳುವಾಗ ಅವನ ಎದೆಯ ಮೂಲೆಯಲ್ಲೆಲ್ಲೋ ಒಂದು ನಿರಾಳ ಸುಳಿದಿತ್ತು: ಇನ್ನು ಇವಳು ಹೋಗಲಾರಳು. ಆ ನಿರಾಳವನ್ನು ಅವನು ಯಾರಿಗೂ ಹೇಳಿಲ್ಲ. ಒಬ್ಬನೇ ಇರುವಾಗ ಅದು ನೆನಪಾದರೆ ಗಟ್ಟಿಯಾಗಿ ಕೆಮ್ಮುತ್ತಾನೆ, ಅಷ್ಟೆ.

ಬಾಣಸಿಗನೆಂಬ ಸುಳ್ಳನ್ನು ಅವನು ಹೇಳಿದ್ದೇ ಅಲ್ಲ. ಸಂಬಂಧ ಕುದುರಿಸಲು ಬಂದ ಸೋದರತ್ತೆ ಹೇಳಿದ್ದು. ಗಾಜಿನ ಕಾರ್ಖಾನೆಯ ಉಗ್ರಾಣದ ಹಿಂದಿನ ಕೋಣೆ, ನಡುವೆ ಬಿಸಿನೀರಿನ ಲೋಟಗಳು, ಆಚೆ ಬದಿಗೆ ಎರಡು ಜಡೆಯ ಸೂಯುನ್. "ನಮ್ಮ ಹುಡುಗ ಸಾಮಾನ್ಯದೋನಲ್ಲ, ಹಾಂಗ್‌ಝೌ ಸರೋವರದ ದಂಡೇಲಿರೋ ಬೆಳ್ದಿಂಗಳ ಮಹಡಿ ಅನ್ನೋ ದೊಡ್ಡ ಹೋಟ್ಲಲ್ಲಿ ಅಡುಗೆ ಮಾಡ್ತಿದ್ದೋನು," ಎಂದಳು ಅತ್ತೆ. ಅವನು ಲೋಟ ನೋಡುತ್ತಾ ಕೂತ. ಸೂಯುನ್ ಮೊದಲ ಸಲ ತಲೆಯೆತ್ತಿ, "ಅಡುಗೆಮನೆಯಿಂದ ಸರೋವರ ಕಾಣ್ಸತ್ತಾ?" ಎಂದು ಕೇಳಿದಳು. "ಕಾಣ್ಸತ್ತೆ," ಎಂದ. ಅದು ನಿಜವೇ ಆಗಿತ್ತು. ಸರೋವರ ಅವನಿಗೆ ಎಲ್ಲರಿಗಿಂತ ಚೆನ್ನಾಗಿ ಕಾಣುತ್ತಿತ್ತು. ಮೀನಿನ ಬಿದಿರುಪಂಜರಗಳು ಇದ್ದದ್ದೇ ಸರೋವರದ ನೀರಿನಲ್ಲಿ, ಅವನು ಇದ್ದದ್ದೇ ಆ ಪಂಜರಗಳ ಬಳಿ, ಹಿತ್ತಲ ಮೆಟ್ಟಿಲ ಮೇಲೆ. ಹೊಸಿಲು ದಾಟಿ ಅಡುಗೆಮನೆಯೊಳಕ್ಕೆ ಕಾಲಿಡಲು ಅವನಿಗೆ ಅಪ್ಪಣೆಯಿರಲಿಲ್ಲ. ಮೀನು ಹಿಡಿ, ಬಡಿ, ಹೆರೆ, ಬಾಗಿಲಲ್ಲಿ ಕೊಡು. ಎಂಟು ತಿಂಗಳು. ಆಗ ಅವನಿಗೆ ಹತ್ತೊಂಬತ್ತು ವರ್ಷ. ಆದರೆ ಆ ಹೊಸಿಲಾಚೆ ನಿಂತು ನೋಡಿ ನೋಡಿ ಕಲಿತದ್ದನ್ನು, ಮದುವೆಯಾದ ಮೊದಲ ಹೊಸವರ್ಷಕ್ಕೆ ಮನೆಯಲ್ಲಿ ಮಾಡಿದ: ಮೀನನ್ನು ಎರಡು ಸೀಳು ಮಾಡಿ, ಎಣ್ಣೆಯಿಲ್ಲದೆ ನೀರಲ್ಲೇ ಬೇಯಿಸಿ, ಮೇಲೆ ಹುಳಿಸಿಹಿ ರಸ ಸುರಿದ. ಸೂಯುನ್ ಅದನ್ನು ನೆರೆಯವರಿಗೆಲ್ಲ ಹಂಚಿದಳು. ಹಾಂಗ್‌ಝೌನಲ್ಲಿ ಹೀಗೇ ಮಾಡೋದು, ಎಂದಳು. ಕಾರ್ಖಾನೆಯ ಊಟದಮನೆಯಲ್ಲಿ ಅವನು ಮೂವತ್ತು ವರ್ಷ ಎಲೆಕೋಸು ಬೇಯಿಸಿದ. ಜನ ಮಾತ್ರ ಅವನನ್ನು "ಹಾಂಗ್‌ಝೌ ಗೆಂಗ್" ಎಂದೇ ಕರೆದರು. ಪ್ರತಿ ವರ್ಷ ಸೂಯುನ್ ಕೇಳುತ್ತಿದ್ದಳು, ಈ ವರ್ಷ ಹೋಗೋಣ್ವಾ? ರಜೆಯಿಲ್ಲ ಎಂದ. ಮಗಳ ಪರೀಕ್ಷೆ ಎಂದ. ಹಬ್ಬದ ಜನಜಂಗುಳಿಯಲ್ಲಿ ನೋಡುವುದೇನು ಎಂದ. ಅಲ್ಲಿಗೆ ಹೋದರೆ ಬೆಳ್ದಿಂಗಳ ಮಹಡಿಗೆ ಹೋಗಲೇಬೇಕಾಗುತ್ತದೆ, ಅಲ್ಲಿ ಯಾರಾದರೊಬ್ಬ ಹಳಬ ಉಳಿದಿರುತ್ತಾನೆ, ಅವನು ನಗುತ್ತಾನೆ.

"ಮಾವ, ಇಳೀರಿ, ಬಂತು!" ಎಂದು ದಾಹೈ ಟ್ಯಾಕ್ಸಿಯ ಬಾಗಿಲು ತೆಗೆದ.

ಬೆಳ್ದಿಂಗಳ ಮಹಡಿ ಈಗ ಮೂರು ಅಂತಸ್ತು, ಗಾಜಿನ ಗೋಡೆ. ಹಿತ್ತಲ ಮೆಟ್ಟಿಲಿದ್ದ ಕಡೆ ಮರದ ಜಗಲಿ ಹಾಕಿ ಛತ್ರಿ ಮೇಜು ಇಟ್ಟಿದ್ದರು. ಒಬ್ಬಳು ಹುಡುಗಿ ಅಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದಳು. ಗೆಂಗ್‌ಗೆ ಸ್ವಲ್ಪ ಧೈರ್ಯ ಬಂತು. ಐವತ್ತೆರಡು ವರ್ಷ. ಇನ್ನು ಯಾವ ಹಳಬ ಉಳಿದಿರುತ್ತಾನೆ? ಕೂತ, ಅಂಗಿಯ ಕೊರಳಗುಂಡಿ ಬಿಚ್ಚಿದ, ಚಹಾ ಕುಡಿದ. ಸೀಗಡಿ ಬಂತು, ಜಾಡಿಯಲ್ಲಿ ಬೇಯಿಸಿದ ಹಂದಿಮಾಂಸ ಬಂತು. ಇಷ್ಟೇ ಎಂದುಕೊಂಡ. ತಿಂದು ಎದ್ದು ಹೋಗುವುದು. ಆಗಲೇ ದಾಹೈ ನೀರು ತಂದ ಹುಡುಗಿಗೆ ಹೇಳಿಬಿಟ್ಟ.

"ಏನಮ್ಮಾ, ಇವರು ಯಾರು ಗೊತ್ತಾ? ನಮ್ಮ ಮಾವ. ಅರವತ್ತನಾಲ್ಕರಲ್ಲಿ ನಿಮ್ಮ ಅಡುಗೆಮನೇಲಿ ಬಾಣಸಿಗರು! ನಿಮ್ಮಪ್ಪ ಹುಟ್ಟೋಕೆ ಮುಂಚೆ!"

"ದಾಹೈ, ಸಾಕು," ಎಂದಳು ಲೀಚುನ್.

"ಯಾಕೆ ಸಾಕು? ಮಾವಂಗೆ ಸಂಕೋಚ, ಅದಕ್ಕೇ ನಾನು ಹೇಳ್ಬೇಕು."

ಹುಡುಗಿ ಓಡಿಹೋಗಿ ವ್ಯವಸ್ಥಾಪಕಿಯನ್ನು ಕರೆತಂದಳು. ಕಪ್ಪು ಕೋಟಿನ, ನಲವತ್ತರ ಆಸುಪಾಸಿನ ಹೆಂಗಸು, ಎರಡೂ ಕೈಯಲ್ಲಿ ಗೆಂಗ್‌ನ ಕೈ ಹಿಡಿದಳು. ಅವಳ ಸಂತೋಷ ಹುಸಿಯಾಗಿರಲಿಲ್ಲ. ಅದೇ ಅವನನ್ನು ಹೆದರಿಸಿತು. "ಗುರುಗಳೇ, ಎಂಥ ದಿನ ಬಂದಿದೀರ! ಬನ್ನಿ, ನಿಮಗೊಂದು ತೋರಿಸ್ತೀನಿ," ಎಂದು ಓಣಿಯಂಥ ಜಾಗಕ್ಕೆ ಕರೆದೊಯ್ದಳು. ಗೋಡೆಯ ಮೇಲೆ ದೊಡ್ಡದು ಮಾಡಿಸಿದ ಹಳೆಯ ಚಿತ್ರವಿತ್ತು. ಬಿಳಿ ಟೋಪಿಯ ಹದಿನೇಳು ಜನ, ಮೂರು ಸಾಲು, ಕೆಳಗೆ ಇಸವಿ. ಗೆಂಗ್‌ಗೆ ಆ ದಿನ ತಕ್ಷಣ ನೆನಪಾಯಿತು. ಚಿತ್ರ ತೆಗೆಯುವವನು ಅವನಿಗೆ ಬಕೆಟ್ಟು ಹಿಡಿದುಕೊಂಡು ಆಚೆ ಸರಿ, ನೆರಳು ಬೀಳುತ್ತದೆ ಎಂದಿದ್ದ. ಅವನು ಸರಿದಿದ್ದ. ಇನ್ನೂ ಸ್ವಲ್ಪ, ಎಂದಿದ್ದ. ಇನ್ನೂ ಸರಿದಿದ್ದ.

ದಾಹೈ ಗಾಜಿಗೆ ಮೂಗು ತಾಗಿಸಿ ಹುಡುಕಿದ. "ಇದಾ ಮಾವ? ಈ ಎರಡನೇ ಸಾಲು? ಅಲ್ವಾ? ಹಾಗಾದ್ರೆ ಈ ಉದ್ದ ಮುಖದೋನು... ನೀವು ತೋರಿಸ್ಬಿಡಿ, ಫೋಟೋ ಹೊಡ್ಕೊಳ್ತೀನಿ."

ಮುಖಗಳೆಲ್ಲ ಗೆಂಗ್‌ಗೆ ಹೆಸರು ಹೆಸರಾಗಿ ಗೊತ್ತಿದ್ದವು. ನಡುವೆ ಕೂತ ಮುಖ್ಯ ಬಾಣಸಿಗನ ದಪ್ಪ ಹುಬ್ಬು ಗೊತ್ತಿತ್ತು. ಯಾರದಾದರೊಂದು ಮುಖಕ್ಕೆ ಬೆರಳಿಟ್ಟರೆ ಮುಗಿಯುತ್ತಿತ್ತು, ಎಲ್ಲರೂ ಸತ್ತವರೇ. ಬೆರಳು ಏಳಲಿಲ್ಲ. ವ್ಯವಸ್ಥಾಪಕಿ ಅವನ ಮುಖವನ್ನೊಮ್ಮೆ ನೋಡಿದಳು, ಅವಳ ಕಣ್ಣಲ್ಲಿ ಏನೋ ಮೆಲ್ಲಗೆ ಹಿಂದೆ ಸರಿದದ್ದು ಅವನಿಗೆ ಕಂಡಿತು. "ಆವತ್ತು ಗುರುಗಳು ರಜೆ ಇದ್ರು ಅನ್ಸತ್ತೆ," ಎಂದಳು, ಅದೇ ಗೌರವದಲ್ಲಿ, ಆದರೆ ಕೈ ಬಿಟ್ಟಿದ್ದಳು. ಅವಳು ನಕ್ಕಿದ್ದರೇ ಚೆನ್ನಾಗಿತ್ತು ಎನ್ನಿಸಿತು ಅವನಿಗೆ.

ಮೇಜಿಗೆ ಮರಳುವ ಹೊತ್ತಿಗೆ ಮೀನು ಬಂದಿತ್ತು. ಅದರ ಹಿಂದೆಯೇ, ಯಾರೋ ಮೊದಲೇ ಹೇಳಿ ಕಳಿಸಿದ್ದರಿಂದ, ಅದನ್ನು ಬೇಯಿಸಿದ ತರುಣ ಬಾಣಸಿಗನೂ ಬಂದು ಟೋಪಿ ಕೈಯಲ್ಲಿ ಹಿಡಿದು ನಿಂತ. "ಹಿರಿಯರು ರುಚಿ ನೋಡಿ ತಪ್ಪು ಹೇಳ್ಬೇಕು," ಎಂದ. ಅವನ ಕಿವಿ ಕೆಂಪಾಗಿತ್ತು. ಗೆಂಗ್ ಮೀನಿನ ಬೆನ್ನಿನಿಂದ ಒಂದು ಚೂರು ತೆಗೆದು ಬಾಯಿಗಿಟ್ಟ. ತಪ್ಪಿರಲಿಲ್ಲ. ಕೆಸರಿನ ವಾಸನೆ ಒಂದಿಷ್ಟೂ ಇರಲಿಲ್ಲ. ಕೆಸರು ಬಿಡಲೆಂದು ಎರಡು ದಿನ ಉಪವಾಸ ಇಟ್ಟ ಮೀನು, ಎಂದುಕೊಂಡ. ಆಗೆಲ್ಲ ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಅವು ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಪಂಜರದ ಕಡ್ಡಿಗಳ ನಡುವೆ ದುಂಡನೆಯ ಬಾಯಿಗಳು, ತೆರೆದು, ಮುಚ್ಚಿ, ತೆರೆದು. ಹಸಿವಿನ ವರ್ಷಗಳು ಮುಗಿದು ಆಗ ಮೂರೇ ವರ್ಷ. ಅವನ ತಮ್ಮ, ಆರು ವರ್ಷದವನು, ಒಲೆಯ ಪಕ್ಕದ ಚಾಪೆಯ ಮೇಲೆ ಕೊನೆಕೊನೆಗೆ ಹಾಗೇ ಬಾಯಿ ತೆರೆಯುತ್ತಿದ್ದ, ಶಬ್ದವಿಲ್ಲದೆ. ಗೆಂಗ್ ತನ್ನ ಊಟದ ಬನ್ನಿನಲ್ಲಿ ಅರ್ಧ ಮುರಿದು ಪಂಜರದ ನೀರಿಗೆ ಹಾಕಿದ. ಮರುದಿನವೂ ಹಾಕಿದ. ಒಂದು ತಿಂಗಳು ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಒಂದು ದೊಡ್ಡ ಔತಣದ ಮೀನು ಕೆಸರು ನಾರುತ್ತದೆಂದು ಹಿಂದೆ ಬಂತು. ದಪ್ಪ ಹುಬ್ಬಿನವನು ಹೊರಬಂದು, ಪಂಜರದಿಂದ ಇನ್ನೊಂದು ಮೀನೆತ್ತಿ, ಎಲ್ಲರೆದುರು ಹೊಟ್ಟೆ ಸೀಳಿ, ಒಳಗಿನ ಬಿಳಿಯ ಹಿಟ್ಟನ್ನು ಬೆರಳಲ್ಲಿ ಎತ್ತಿ ತೋರಿಸಿದ. "ನೋಡ್ರಪ್ಪಾ, ನಮ್ಮ ಮೀನಿನ ಸಾಕುತಾಯಿ!" ಎಂದ. ಹದಿನೇಳು ಜನ ನಕ್ಕರು. ಕೆಲಸ ಹೋದದ್ದು ಅವನಿಗೆ ಅಷ್ಟು ನೆನಪಿಲ್ಲ. ಆ ನಗು ನೆನಪಿದೆ. ಕೊನೆಗೆ ಅವನೂ ಅವರ ಜೊತೆ ಸ್ವಲ್ಪ ನಕ್ಕಿದ್ದ. ಅದಂತೂ ಚೆನ್ನಾಗಿ ನೆನಪಿದೆ.

"ಹೇಗಿದೆ, ಗುರುಗಳೇ?" ತರುಣ ಕೇಳುತ್ತಿದ್ದ.

"ಹೇಳಿ ಮಾವ, ಬೈಯ್ದುಬಿಡಿ ಬೇಕಾದ್ರೆ!"

ಗೆಂಗ್ ಊಟದ ಕಡ್ಡಿಗಳನ್ನು ತಟ್ಟೆಯ ಮೇಲಿಟ್ಟು ಎದ್ದ. ಬಚ್ಚಲಿಗೆ ಎಂದು ಗೊಣಗಿ, ಬಚ್ಚಲ ಬಾಗಿಲು ದಾಟಿ, ಓಣಿ ದಾಟಿ, ಗಾಜಿನ ಬಾಗಿಲು ತಳ್ಳಿ ಹೊರಗೆ ನಡೆದ. ದಂಡೆಯ ಉದ್ದಕ್ಕೂ ಜನ. ಒಂದು ವಿಲೋ ಮರದ ಕೆಳಗೆ ಬೆಂಚಿನಲ್ಲಿ ಅರ್ಧ ಜಾಗವಿತ್ತು. ಪಕ್ಕದಲ್ಲಿದ್ದ ಮುದುಕಿ ಅವನ ಮುಖ ನೋಡಿ ತನ್ನ ಚೀಲ ಎತ್ತಿಕೊಂಡು ಎದ್ದು ಹೋದಳು. ಬಾಯಲ್ಲಿ ಇನ್ನೂ ಮೀನಿನ ಹುಳಿಯಿತ್ತು. ಎದುರಿಗೆ ಸರೋವರ ಮಧ್ಯಾಹ್ನದ ಬೆಳಕಿನಲ್ಲಿ ಬೂದುಬಣ್ಣಕ್ಕಿತ್ತು, ತೀರ ಸಾಧಾರಣವಾಗಿತ್ತು. ಇಷ್ಟಕ್ಕೇ, ಎಂದುಕೊಂಡ. ಇಷ್ಟನ್ನು ತೋರಿಸಲಿಲ್ಲ ಸೂಯುನ್‌ಗೆ.

ಲೀಚುನ್ ಬಂದು ಪಕ್ಕದಲ್ಲಿ ಕೂತಳು.

"ದಾಹೈ?"

"ದೋಣಿಗೆ ಸರದೀಲಿ ನಿಲ್ಲು ಅಂತ ಕಳಿಸಿದೀನಿ."

ಗೆಂಗ್ ಮಂಡಿಯ ಮೇಲೆ ಅಂಗೈಗಳನ್ನಿಟ್ಟುಕೊಂಡ. ನಲವತ್ತಾರು ವರ್ಷ ಗಂಟಲಲ್ಲಿ ಇದ್ದದ್ದು ಹೊರಗೆ ಬರುವಾಗ ಇಷ್ಟು ಸಣ್ಣ ಮಾತಾಗಿ ಬಂದೀತೆಂದು ಅವನು ಎಣಿಸಿರಲಿಲ್ಲ. "ಲೀಚುನ್, ನಾನಿಲ್ಲಿ ಅಡುಗೆ ಮಾಡ್ತಿರ್ಲಿಲ್ಲ. ಮೀನು ಕಾಯ್ತಿದ್ದೆ. ಅದ್ರಿಂದ್ಲೂ ಓಡಿಸಿದ್ರು."

"ಗೊತ್ತು," ಎಂದಳು ಮಗಳು.

ಅವನು ತಿರುಗಿ ನೋಡಲಿಲ್ಲ. ನೀರಿನಂಚಿನಲ್ಲಿ ಒಂದು ಬಾತು ಕಾಲೆತ್ತಿ ಕತ್ತು ಕೆರೆದುಕೊಳ್ಳುತ್ತಿತ್ತು, ಅದನ್ನೇ ನೋಡಿದ.

"ನಂಗೆ ಒಂಬತ್ತು ವರ್ಷ. ಅಮ್ಮನೂ ನಾನೂ ವೂಹೂಗೆ ದೊಡ್ಡಮ್ಮನ ಮನೆ ಮದುವೆಗೆ ಹೋಗಿದ್ವಲ್ಲ? ದೊಡ್ಡಪ್ಪ ಲಾರೀಲಿ ಗೊಬ್ಬರ ಹಾಕ್ಕೊಂಡು ಈ ಕಡೆ ಬರ್ತಿದ್ರು. ಅಮ್ಮ ನಮ್ಮನ್ನೂ ಕೂರಿಸ್ಕೊಳ್ಳಿ ಅಂದ್ಲು. ಒಂದೇ ದಿನ. ನೀನು ಕೆಲಸ ಮಾಡಿದ ಜಾಗ ನೋಡ್ಬೇಕು ಅಂತ ಅವಳಿಗೆ ಎಷ್ಟು ಆಸೆ. ಹೊಸ ಬಟ್ಟೆ ಹಾಕ್ಕೊಂಡಿದ್ಲು. ಮುಂದಿನ ಬಾಗಿಲಲ್ಲಿ ಒಳಗೆ ಬಿಡ್ಲಿಲ್ಲ, ಹಿತ್ತಲಿಗೆ ಹೋದ್ವಿ. ಅಲ್ಲೊಬ್ಬ ಅಜ್ಜಿ ಸೊಪ್ಪು ತೊಳೀತಿತ್ತು. ಅಮ್ಮ ನಿನ್ನ ಹೆಸರು ಹೇಳಿದ್ಲು. ಅಜ್ಜಿ 'ಓ, ಮೀನಿಗೆ ಬನ್ನು ತಿನ್ಸಿ ಕೆಲಸ ಕಳ್ಕೊಂಡ ಹುಡುಗ!' ಅಂತ ನಗೋಕೆ ಶುರು ಮಾಡ್ತು."

ಗೆಂಗ್ ಕೇಳಿದ, "ಅಮ್ಮ?"

"ನಗ್ಲಿಲ್ಲ. 'ಅವರು ನಮ್ಮನೆಯವರು' ಅಂದ್ಲು. ಅಜ್ಜಿ ಗಪ್ಪಾಯ್ತು."

ದೋಣಿಕಟ್ಟೆಯ ಕಡೆಯಿಂದ ಧ್ವನಿವರ್ಧಕ ಏನೋ ಕೂಗಿತು. ಲೀಚುನ್ ಅದು ಮುಗಿಯುವವರೆಗೆ ಕಾದಳು.

"ಲಾರಿ ಹತ್ತೋಕೆ ಮುಂಚೆ ನಂಗೆ ಹೇಳಿದ್ಲು: ನಾವಿಲ್ಲಿಗೆ ಬಂದಿಲ್ಲ, ತಿಳೀತಾ? ಅಪ್ಪ ಕರ್ಕೊಂಡ್ ಬಂದಾಗ ಇಬ್ರೂ ಮೊದಲನೇ ಸಲ ನೋಡೋರ ಥರ ನೋಡ್ಬೇಕು. ಅಪ್ಪನ ಮುಂದೆ ತಪ್ಪಿ ಬಾಯಿ ಬಿಟ್ಟೀಯ ಅಂತ."

ಅವನ ಮನಸ್ಸು, ಊಟದಮನೆಯಲ್ಲಿ ಬಟ್ಟಲು ಎಣಿಸಿದಂತೆ, ವರ್ಷಗಳನ್ನು ಎಣಿಸಲು ಹೊರಟಿತು. ಎಂಬತ್ತನಾಲ್ಕರಿಂದ. ಮೂವತ್ತು ಶರತ್ಕಾಲ. ಮೂವತ್ತು ಸಲ, ಅಂಗಿಗೆ ಗುಂಡಿ ಹಾಕುತ್ತಲೋ ಮೂಲಂಗಿ ಹೆಚ್ಚುತ್ತಲೋ, ತಲೆಯೆತ್ತದೆ, ಈ ವರ್ಷ ಹೋಗೋಣ್ವಾ? ತನ್ನನ್ನು ಮೂಲೆಗೆ ತಳ್ಳುವ ಪ್ರಶ್ನೆಯೆಂದು ಅವನು ಪ್ರತಿ ಸಲವೂ ಮೈ ಬಿಗಿಹಿಡಿದಿದ್ದ. ಅವಳು ಬಾಗಿಲು ತೆರೆದು ಹಿಡಿದು ನಿಂತಿದ್ದಳು, ಕೈ ಸೋಲುವಷ್ಟು ಹೊತ್ತು.

"ನೀನ್ಯಾಕೆ ಹೇಳ್ಲಿಲ್ಲ?" ಎಂದ.

"ಅವಳಿರೋವರೆಗೂ ಮಾತು ಕೊಟ್ಟಿದ್ದೆ. ಆಮೇಲೆ..." ಲೀಚುನ್ ನೀರನ್ನೇ ನೋಡುತ್ತಾ ಹೇಳಿದಳು, "ಆಮೇಲೆ ಕೋಪ ಇತ್ತು. ನಿನ್ನ ಇಲ್ಲಿ ತಂದು ನಿಲ್ಸಿ ನೋಡ್ಬೇಕು ಅನ್ನಿಸ್ತು. ಇವತ್ತು ನೀನು ಆ ಫೋಟೋ ಮುಂದೆ ನಿಂತಿದ್ದೆ ನೋಡು, ಆಗ ಸಾಕು ಅನ್ನಿಸ್ತು. ಅದಕ್ಕೆ ಮುಂಚೇನೂ ಸಾಕು ಅಂದಿದ್ದೆ, ದಾಹೈ ಬಿಡ್ಲಿಲ್ಲ. ಅವನಿಗೇನೂ ಗೊತ್ತಿಲ್ಲ, ಪಾಪ."

ಅವನು ತಲೆಯಾಡಿಸಿದ. ಕೋಪ ನ್ಯಾಯವಾಗಿಯೇ ಇದೆ ಎನ್ನಿಸಿತು. ಅವನಿಗೆ ಬೇಕಾದದ್ದು ಬೇರೆಯೇ ಇತ್ತು, ಅದನ್ನು ಕೇಳಲು ನಾಚಿಕೆಯಾಯಿತು, ಆದರೂ ಕೇಳಿದ.

"ಸರೋವರ ನೋಡಿ ಏನಂದ್ಲು?"

"ಅಮ್ಮಾನಾ?"

"ಹೂಂ. ಎಲ್ಲಿ ಕೂತಿದ್ಲು? ಈ ಕಡೇನಾ, ಆ ಸೇತುವೆ ಕಡೇನಾ? ಚೆನ್ನಾಗಿದೆ ಅಂದ್ಲಾ?"

ಲೀಚುನ್ ಬಹಳ ಹೊತ್ತು ಯೋಚಿಸಿದಳು. ಗಣಿತದ ಮೇಡಮ್ಮಿನ ಹಣೆ ಗೆರೆಗಟ್ಟಿತು. ಅವನು ಅವಳ ಬಾಯನ್ನೇ ನೋಡುತ್ತಿದ್ದ.

"ನೆನಪಿಲ್ಲ ಅಪ್ಪ," ಎಂದಳು ಕೊನೆಗೆ. "ನಂಗೆ ಹೊಸ ಬೂಟು ಕಚ್ತಿತ್ತು. ಇಡೀ ದಿನ ಅದೇ ನೆನಪು. ಅಮ್ಮ ಏನೋ ಹೇಳಿದ್ಲು, ನಾನು ಕೇಳಿಸ್ಕೊಳ್ಲಿಲ್ಲ." ಆಮೇಲೆ ಅವಳಿಗೆ ಅಳು ಬಂತು. ಅವನು ಅವಳ ಬೆನ್ನ ಮೇಲೆ ಕೈಯಿಟ್ಟ. ಚಿಕ್ಕಂದಿನಲ್ಲೂ ಅವಳನ್ನು ಸಮಾಧಾನ ಮಾಡಲು ಅವನಿಗೆ ಬರುತ್ತಿರಲಿಲ್ಲ, ಸೂಯುನ್‌ಳನ್ನು ಕರೆಯುತ್ತಿದ್ದ. ಕೈ ಸುಮ್ಮನೆ ಇಟ್ಟಲ್ಲೇ ಇತ್ತು.

ದಾಹೈ ಮೂರು ಚೀಟಿ ಬೀಸುತ್ತಾ ಬಂದ. ಹೆಂಡತಿಯ ಕಣ್ಣು ನೋಡಿ, ಅವಳಿಗೆ ಅಮ್ಮನ ನೆನಪಾಗಿರಬೇಕೆಂದು ತಿಳಿದು, ಜೀವನದಲ್ಲೇ ಮೊದಲ ಸಲವೆಂಬಂತೆ ಮೆಲುದನಿಯಲ್ಲಿ, "ನಮ್ಮ ಸರದಿ ಬಂತು," ಎಂದ. ದೋಣಿ ಚಿಕ್ಕದು, ಮೇಲೆ ನೀಲಿ ಬಟ್ಟೆಯ ಚಪ್ಪರ. ಹುಟ್ಟು ಹಾಕುವವಳು ಐವತ್ತು ದಾಟಿದ ಹೆಂಗಸು, ಬಿಸಿಲಿಗೆ ಕಪ್ಪಾದ ಗಟ್ಟಿ ತೋಳು. ಗೆಂಗ್ ಅಂಚಿಗೆ ಕಾಲಿಟ್ಟಾಗ ದೋಣಿ ಅಲ್ಲಾಡಿತು. ಅವನು ಹೆದರಿ ಅಳಿಯನ ಭುಜ ಹಿಡಿದ. ಎಂಟು ತಿಂಗಳು ಈ ನೀರಿಗೆ ಮೊಣಕೈವರೆಗೆ ಕೈ ಹಾಕಿದ್ದ. ದೋಣಿ ಹತ್ತಿದ್ದಿಲ್ಲ.

ದಂಡೆ ಹಿಂದೆ ಸರಿಯಿತು. ಬೆಳ್ದಿಂಗಳ ಮಹಡಿಯ ಗಾಜು ಒಂದು ಸಲ ಮಿಂಚಿ ಮರಗಳ ಮರೆಗೆ ಹೋಯಿತು.

"ಅಜ್ಜಾರು ಹಾಂಗ್‌ಝೌಗೆ ಮೊದಲನೇ ಸಲಾನಾ?" ಎಂದಳು ದೋಣಿಯವಳು.

"ಏನು ಮೊದಲನೇ ಸಲ! ನಮ್ಮ ಮಾವ ಒಂದು ಕಾಲದಲ್ಲಿ ಇಲ್ಲೇ ದೊಡ್ಡ..."

"ದಾಹೈ," ಎಂದ ಗೆಂಗ್. "ನಾನು ಬಾಣಸಿಗ ಅಲ್ಲ. ಹಿತ್ತಲಲ್ಲಿ ಮೀನು ಕಾಯೋ ಆಳು. ಎಂಟೇ ತಿಂಗಳು. ಅವಕ್ಕೆ ತಿನ್ನೋಕೆ ಹಾಕಿದೆ ಅಂತ ಓಡಿಸಿದ್ರು."

ದಾಹೈ ಬಾಯಿ ತೆರೆದು ಹೆಂಡತಿಯ ಕಡೆ ನೋಡಿದ, ಮಾವನ ಕಡೆ ನೋಡಿದ, ಮುಚ್ಚಿದ. ಅವನ ದೊಡ್ಡ ಮುಖ ನಿಧಾನವಾಗಿ ಕೆಂಪಾಯಿತು. ಬೆಳಗಿನಿಂದ ತಾನಾಡಿದ್ದೆಲ್ಲ ಅವನಿಗೆ ಈಗ ಒಂದೊಂದಾಗಿ ಕೇಳಿಸುತ್ತಿರಬೇಕು. "ನಂಗೊಂದು ಮಾತು ಹೇಳಬಾರ್ದಿತ್ತಾ ಮಾವ..." ಎಂದು ಗೊಣಗಿದ. ದೋಣಿಯವಳು ಮಾತ್ರ ಹುಟ್ಟನ್ನು ನಿಲ್ಲಿಸದೆ, "ಹಾಕದೆ ಇನ್ನೇನು ಮಾಡೋದು, ಬಾಯಿ ಬಾಯಿ ಬಿಡ್ತವೆ," ಎಂದಳು, ದಿನಾ ನೋಡುವ ಸಂಗತಿಯೆಂಬಂತೆ. ಆಮೇಲೆ, ದಂಡೆಯಿಂದ ದಂಡೆಗೆ ಎಲ್ಲರನ್ನೂ ಕೇಳುವ ಹಾಗೆ ಅವನನ್ನೂ ಕೇಳಿದಳು:

"ಅಜ್ಜಿನ ಕರ್ಕೊಂಡ್ ಬರ್ಲಿಲ್ವಾ?"

ಲೀಚುನ್ ಏನೋ ಹೇಳಲು ಹೊರಟಳು. ಗೆಂಗ್ ಕೈಯೆತ್ತಿ ಅವಳನ್ನು ತಡೆದ.

"ಇಲ್ಲಮ್ಮ," ಎಂದ. "ಕರ್ಕೊಂಡ್ ಬರ್ಲಿಲ್ಲ."